ಹೋಳಿಗೆ ತಿಂದು ಓಡಿದವನು

ಮೊಮ್ಮಗಳು ಶಾಲೆಯ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾಳೆ. ನನ್ನ ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ. ಎಪ್ಪತ್ತರ ದಶಕದಲ್ಲಿ ಮುಂಬೈಯ ಆಂಟಾಪ್ ಹಿಲ್‌ನ ನಮ್ಮ ಚಾಳಿನಲ್ಲಿದ್ದ ಆಟಗಾರನೊಬ್ಬ ನೆನಪಾಗುತ್ತಾನೆ.

ವಿಜಾಪುರದ ಕಡೆಯವನು. ಮೈದಾನದ ಬಲ ಅಂಚಿನಲ್ಲಿ ಓಡುತ್ತ, ಕೈ ಎತ್ತಿ ಉದ್ದನೆಯ ಪಾಸು ಕೇಳುವುದು ಅವನ ಕೆಲಸ. ನಲ್ಲಿಯ ಸಾಲಿನಲ್ಲೂ ಹಾಗೇ ಕೈ ಎತ್ತಿ, "ನಾ ಈ ಕಡೆ ಅದೀನ್ರೀ!" ಎನ್ನುತ್ತಿದ್ದ.

ಒಂದು ಬಟ್ಟೆ ಗಿರಣಿಯವರು ತಮ್ಮ ತಂಡಕ್ಕೆ ಆಟಗಾರರನ್ನು ಆರಿಸುವ ದಿನ ಬಂತು. ಆಯ್ಕೆಯಾದರೆ ಕಾಯಂ ನೌಕರಿ. ಶಕ್ತಿ ಬರಲೆಂದು ನಾನು ತುಪ್ಪ ಸುರಿದು ಹೋಳಿಗೆ ಬಡಿಸಿದೆ.

"ಒಂದ ಸಾಕ್ರಿ, ಅಕ್ಕಾ."

"ಸುಮ್ನ ತಿನ್ನೋ! ಓಡಾವ್ಗ ಒಂದರಾಗ ಏನ್ ಆಕ್ಕೈತಿ?"

ನನ್ನ ಮಾತು ಮೀರಲಾರದೆ ಐದು ತಿಂದ.

ಚಾಳಿನವರೆಲ್ಲ ನೋಡಲು ಹೋದೆವು. ಅರ್ಧ ಆಟ ಅವನು ಹೊಟ್ಟೆ ಹಿಡಿದು ನಡೆದಾಡಿದ. ಅವನ ನೌಕರಿ ನಾನೇ ಕಳೆದೆನೆಂದು ನನ್ನ ಜೀವ ಬಾಯಿಗೆ ಬಂತು. ಕೊನೆಗೆ ಗೆರೆಯಾಚೆ ಹೋಗಿ ಎಲ್ಲ ಕಾರಿಕೊಂಡ. ಬಾಯಿ ಒರೆಸಿಕೊಂಡು ಕೈ ಎತ್ತಿದ. ಪಾಸು ಬಂತು. ಮೂವರನ್ನು ಹಿಂದೆ ಹಾಕಿ ಗೋಲು ಹೊಡೆದ.

ಆ ಗಿರಣಿಯ ತಂಡದಲ್ಲಿ ಏಳೆಂಟು ವರ್ಷ ಆಡಿದ. ಪಂದ್ಯದ ದಿನ ಮುಂಜಾನೆ ಮಾತ್ರ, ಚಪ್ಪಲಿ ಕೈಯಲ್ಲಿ ಹಿಡಿದು, ನಮ್ಮ ಬಾಗಿಲನ್ನು ಸದ್ದಿಲ್ಲದೆ ದಾಟುತ್ತಿದ್ದ.