ತಾಮ್ರದ ಹಂಡೆ ಮತ್ತು ಡಿಸ್ಕಸ್ ಮರಿಗಳು

ಮೊಮ್ಮಕ್ಕಳೇ, ಸಂಗಮೇಶ, ಗೌರಿ, ರಜೆಗೆ ಬಂದಾಗಲೆಲ್ಲ ನೀವು ಕೇಳುತ್ತೀರಿ, "ಆಯಿ, ಮೀನಿನ ಅಂಗಡ್ಯಾಗ ನೀ ಏನ್ ಮಾಡ್ತಿದ್ದಿ?" ಎಂದು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಿಜ್ಜರಗಿ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ಮುತ್ಯಾ ತೀರಿಕೊಂಡ ಮರುವರ್ಷ ನಾನು ವಿಜಯಪುರದ ಸೊಲ್ಲಾಪುರ ರಸ್ತೆಯ ಅಕ್ವೇರಿಯಂ ಅಂಗಡಿಯೊಂದಕ್ಕೆ ಸೇರಿದೆ. ಅಂಗಡಿಯ ತೊಟ್ಟಿ ತೊಳೆಯುವುದು, ಗಿರಾಕಿಗಳ ಮನೆಗೆ ಹೋಗಿ ನೀರು ಬದಲಿಸುವುದು ನನ್ನ ಕೆಲಸ. ಟಿಕೋಟಾ ಕಡೆಯ ಮನೆಗಳು ನನಗೆ, ಬಬಲೇಶ್ವರ ಕಡೆಯವು ಶಮಶಾದ್‌ಗೆ. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಹೋದಲ್ಲೆಲ್ಲ ನಗಿಸುವವಳು. ಒಮ್ಮೆ ನಾನು ರಜೆ ಹಾಕಿದ್ದಾಗ ಟಿಕೋಟಾದ ಗಿರಾಕಿಯೊಬ್ಬರ ಮನೆಗೆ ಅವಳು ಹೋಗಿ ಬಂದಿದ್ದಳು. ಮುಂದಿನ ಸಲ ಅಲ್ಲಿ ನಾನು ಗಾಜು ಒರೆಸುತ್ತಿದ್ದಾಗ ಮನೆಯಾಕೆ, "ಶಮಶಾದ್ ಬರ್ತಾಳ ಅಂದ್ಕೊಂಡಿದ್ದೆ. ಆಕಿ ಇದ್ರ ಹೊತ್ತು ಹೋಗಿದ್ದ ಗೊತ್ತಾಗಾಂಗಿಲ್ಲ" ಎಂದಳು. ಆ ಮಾತನ್ನು ವಾರಗಟ್ಟಲೆ ಅಗಿದೆ.

ಆರನೆಯ ವರ್ಷ ಮಾಲೀಕರು ಡಿಸ್ಕಸ್ ಮರಿ ಮಾಡಿಸಲು ಹೊರಟರು. ಡಿಸ್ಕಸ್ ಎಂದರೆ ತಟ್ಟೆಯಂತೆ ದುಂಡಗಿನ, ಬಹಳ ನಾಜೂಕಿನ ಮೀನು. ನೀರು ಇಪ್ಪತ್ತೊಂಬತ್ತು ಡಿಗ್ರಿ ಬೆಚ್ಚಗಿರಬೇಕು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ನಮ್ಮ ಬೋರ್‌ವೆಲ್ ನೀರಿಗೆ ಸಾವಿರದ ಮುನ್ನೂರು ತೋರಿಸುತ್ತಿತ್ತು. ಡಿಸ್ಕಸ್ ತತ್ತಿ ಒಡೆಯಲು ಅದು ನೂರರೊಳಗೆ ಇರಬೇಕು. ಹಾಗಾಗಿ ಲವಣ ಸೋಸಿ ತೆಗೆಯುವ ಆರ್‌ಒ ಫಿಲ್ಟರ್‌ನ ನೀರೇ ಗತಿ. ಇನ್ನೊಂದು ವಿಚಿತ್ರವೆಂದರೆ ಈಜಲು ಕಲಿತ ಮರಿಗಳು ಮೊದಲ ದಿನಗಳಲ್ಲಿ ತಂದೆತಾಯಿಯ ಮೈಮೇಲೆ ಒಸರುವ ಲೋಳೆಯನ್ನೇ ತಿಂದು ಬದುಕುತ್ತವೆ.

ಅಂಗಡಿಯ ಗದ್ದಲದಲ್ಲಿ ಅವು ತತ್ತಿ ಇಡವು. ಅದಕ್ಕೆ ಮಾಲೀಕರು ನಮ್ಮಿಬ್ಬರಿಗೂ ತೊಟ್ಟಿ ಸಮೇತ ಒಂದೊಂದು ಜೋಡಿ ಮನೆಗೆ ಕೊಟ್ಟರು. "ಯಾರ ಮರಿ ರೂಪಾಯಿ ನಾಣ್ಯದಷ್ಟ ಮೊದಲ ಆಗ್ತಾವೋ, ಹೊಸಾ ಡಿಸ್ಕಸ್ ಕೋಣಿ ಅವರ ಕೈಯಾಗ" ಎಂದರು. ಅಂಗಡಿಯ ಹಿಂದೆ ಕಟ್ಟಿಸುತ್ತಿದ್ದ ಆ ಕೋಣೆ ನನಗೆ ಬೇಕಿತ್ತು. ಅಲ್ಲಿ ಯಾರೊಡನೆಯೂ ಮಾತಾಡಬೇಕಾಗಿರಲಿಲ್ಲ. ಮೀನು ಮತ್ತು ನಾನು, ಅಷ್ಟೇ. ಶಮಶಾದ್‌ಗೆ ಅದು ಸಿಗಬಾರದು ಎಂಬುದು ಅದಕ್ಕಿಂತ ಹೆಚ್ಚು ಬೇಕಿತ್ತು.

ನನ್ನ ಜೋಡಿ ಎರಡು ಸಲ ಇಟ್ಟ ತತ್ತಿ ಬೆಳ್ಳಗಾಗಿ ಕೆಟ್ಟವು. ಅಷ್ಟರಲ್ಲಿ ಅವಳ ಮನೆಯಲ್ಲಿ ಮರಿ ಈಜಿದವು. ನೋಡಲು ಹೋದೆ. ಜೀರಿಗೆಯಷ್ಟಿದ್ದ ಮರಿಗಳು ತಾಯಿಯ ಮೈಗೆ ಅಂಟಿಕೊಂಡಿದ್ದವು. ತಾಯಿ ಮೈ ಕೊಡವಿದರೆ ಎಲ್ಲ ಒಟ್ಟಾಗಿ ತಂದೆಯ ಮೈಗೆ ಹಾರುತ್ತಿದ್ದವು. ಅಷ್ಟು ಚೆಂದದ್ದನ್ನು ನೋಡುತ್ತ, ಇವೆಲ್ಲ ಸಾಯಲಿ ಎಂದುಕೊಂಡೆ. ಮಕ್ಕಳೇ, ಇದು ನಿಜ.

ಅವಳು ಏನನ್ನೂ ಮುಚ್ಚಿಡಲಿಲ್ಲ. "ಬೋರಿಂದು ಒಂದ್ ಹನಿನೂ ಬ್ಯಾಡ, ಶಾಂತಕ್ಕಾ. ಆರ್‌ಒ ನೀರು ಇಂಥಾ ಪ್ಲಾಸ್ಟಿಕ್ ಡ್ರಮ್ಮಿನ್ಯಾಗ ಒಂದ್ ದಿವಸ ಇಡು, ಬೆಚ್ಚಗ ಮಾಡಿ ಹಾಕು" ಎಂದಳು. ಎಲ್ಲವನ್ನೂ ಹಾಗೇ ಮಾಡಿದೆ, ಡ್ರಮ್ಮೊಂದನ್ನು ಬಿಟ್ಟು. ನಮ್ಮೂರಲ್ಲಿ ಬಂದವರಿಗೆ ಕುಡಿಯಲು ಕೊಡುತ್ತಿದ್ದುದು ತಾಮ್ರದ ಪಾತ್ರೆಯ ನೀರು. ಪ್ಲಾಸ್ಟಿಕ್ಕಿನ ನೀರು ಕುಡಿದೇ ಅವಳ ಮರಿ ಇಷ್ಟು ಚೆನ್ನಾಗಿದ್ದರೆ ನನ್ನವು ಹೇಗಿರಬೇಡ? ಅವ್ವ ಕೊಟ್ಟ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದೆ. ನೀರು ತುಂಬಿ ಒಂದು ದಿನ ಇಟ್ಟು ಮೀಟರ್ ಅದ್ದಿದೆ. ಮೂವತ್ತು ತೋರಿಸಿತು. ಸರಿಯಾಗಿದೆ ಎಂದುಕೊಂಡು ತೊಟ್ಟಿಗೆ ಒಂದು ಕೊಡ ಹಾಕಿದೆ.

ಮೂರನೆಯ ಸಲ ಇಟ್ಟ ತತ್ತಿ ಒಡೆದವು. ಅಂದು ಸಂಜೆ ಶಮಶಾದ್ ಬಂದು, ಹಿಗ್ಗಿನಿಂದ ತೊಟ್ಟಿಯಲ್ಲಿ ಕೈಯದ್ದಿ ಬಿಸಿ ನೋಡಿ, "ಭೇಷ್ ಬೇ ಯಕ್ಕಾ!" ಎಂದು ಹೋದಳು. ಮರುದಿನ ಮುಂಜಾನೆ ಹಂಡೆಯ ನೀರು ಇನ್ನೆರಡು ಕೊಡ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಮೀನು ಕಪ್ಪಾಗಿ, ರೆಕ್ಕೆ ಮುದುಡಿ, ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮರಿಗಳು ತಳದಲ್ಲಿ ಬಿದ್ದಿದ್ದವು.

ನೆಟ್ಟಗೆ ಅಂಗಡಿಗೆ ಹೋದೆ. ಶಮಶಾದ್ ಅಲ್ಲೇ ನಿಂತಿದ್ದಳು. ಮಾಲೀಕರಿಗೆ, "ನಿನ್ನೆ ಈಕಿ ತೊಟ್ಟ್ಯಾಗ ಕೈ ಹಾಕಿ ಬಂದಾಳ್ರಿ. ಇವತ್ತ ನನ್ನ ಮೀನು ಸಾಯಾಕತ್ತಾವ" ಎಂದೆ.

"ಕೈಗೆ ಏನ್ ಹಚ್ಕೊಂಡಿದ್ದೀಬೇ?" ಎಂದು ಮಾಲೀಕರು ಅವಳನ್ನು ಕೇಳಿದರು.

"ಅಲ್ಲಾನ ಆಣಿ, ಏನಿಲ್ರಿ."

"ಶಾಂತಾಬಾಯಿ ಆರು ವರ್ಷದಾಗ ಒಬ್ಬರ ಮ್ಯಾಲೆ ಒಂದ್ ಮಾತ್ ಆಡಿಲ್ಲ. ಸುಮ್ ಸುಮ್ನ ಹೇಳ್ತಾಳೇನು? ನಾಳಿಂದ ನೀ ಬರಬ್ಯಾಡ."

ಯಾರೊಡನೆಯೂ ಮಾತಾಡದ ನನ್ನ ನಾಚಿಕೆ ಸ್ವಭಾವಕ್ಕೆ ಅಷ್ಟು ಬೆಲೆಯಿದೆ ಎಂದು ಅಂದೇ ಗೊತ್ತಾದದ್ದು. ಅದನ್ನು ಖರ್ಚು ಮಾಡಿದ್ದು ಹೀಗೆ.

ನಾನು ಮನೆಗೆ ಬಂದು ಅರ್ಧ ತಾಸಾಗಿರಲಿಲ್ಲ, ಬಾಗಿಲಲ್ಲಿ ಆಟೋ ನಿಂತಿತು. ಶಮಶಾದ್ ತನ್ನ ನೀಲಿ ಡ್ರಮ್ಮನ್ನು ನೀರು ಸಮೇತ ಇಳಿಸಿದಳು. "ನನ್ನ ಬೈಯೋದಿದ್ರ ಆಮ್ಯಾಲೆ ಬೈಯವಂತಿ. ಮೊದಲ ಪೈಪ್ ಹಿಡಿ" ಎಂದಳು. ತೊಟ್ಟಿಯ ಮುಕ್ಕಾಲು ನೀರು ಚೆಲ್ಲಿ ಅವಳ ನೀರು ತುಂಬಿದೆವು. ಆಗ ಮೂಲೆಯಲ್ಲಿದ್ದ ಹಂಡೆ ಅವಳ ಕಣ್ಣಿಗೆ ಬಿತ್ತು.

"ಯಕ್ಕಾ, ನೀರು ಇದರಾಗ ಇಟ್ಟಿದ್ದೇನು?"

"ಹೂಂ."

ಅವಳ ಅಪ್ಪ ಬಬಲೇಶ್ವರದಲ್ಲಿ ತಾಮ್ರದ ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕುತ್ತಿದ್ದವರು. ಹಂಡೆಯ ಒಳಗೆ ಬೆರಳಾಡಿಸಿ, "ಕಲಾಯಿ ಇಲ್ಲದ ತಾಮ್ರದಾಗ ಮಜ್ಜಿಗಿ ಇಟ್ರ ಏನಾಗ್ತೈತಿ?" ಎಂದಳು.

"ಹಸಿರಾಗ್ತೈತಿ. ಕುಡದವರು ವಾಂತಿ ಮಾಡ್ಕೋತಾರ."

"ಆರ್‌ಒ ನೀರೂ ಹಂಗ, ತಾಮ್ರಾ ಎಳಕೋತೈತಿ. ನಮಗ ನಡೀತೈತಿ, ಮೀನಿಗೆ ಅದು ವಿಷ."

ಹುಣಸೆಹಣ್ಣಿನಿಂದ ತಿಕ್ಕಿ ಹಂಡೆಯ ಒಳಗಿನ ಹಳೆಯ ಕಪ್ಪು ಪದರವನ್ನೂ ತೆಗೆದಿದ್ದೆ. ಇನ್ನಷ್ಟು ತಾಮ್ರ ಬಿಡಲು ದಾರಿ ಮಾಡಿಕೊಟ್ಟವಳು ನಾನೇ. ಅಷ್ಟು ಚೂರು ತಾಮ್ರ ಮೀಟರ್‌ಗೆ ಗೊತ್ತಾಗುವಂಥದ್ದಲ್ಲ.

ಗಂಡು ಮೀನು ಉಳಿಯಿತು. ಹೆಣ್ಣು ಉಳಿಯಲಿಲ್ಲ. ಒಂದು ಮರಿಯೂ ಉಳಿಯಲಿಲ್ಲ. ಶಮಶಾದ್ ಖಾಲಿ ಡ್ರಮ್ಮೆತ್ತಿಕೊಂಡು ಹೊರಟಳು. ಮಾಲೀಕರಿಗೆ ಹೇಳು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಎರಡರಲ್ಲಿ ಒಂದನ್ನು ಅಂದಿದ್ದರೆ ಅವಳ ಮೇಲೆ ಸಿಟ್ಟಾಗಬಹುದಿತ್ತು. ಅವಳ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಮರುದಿನ ಹಂಡೆಯನ್ನು ಸೊಂಟದ ಮೇಲಿಟ್ಟುಕೊಂಡು ಅಂಗಡಿಗೆ ನಡೆದೆ. ಗಿರಾಕಿಗಳಿದ್ದರು. ಹಂಡೆಯನ್ನು ಮಾಲೀಕರ ಟೇಬಲ್ಲಿನ ಮೇಲಿಟ್ಟು, "ಮೀನು ಸತ್ತಿದ್ದು ಇದರಿಂದ್ರಿ. ನೀರು ಹಾಕಿದಾಕಿ ನಾನ. ಶಮಶಾದ್ ಕೈಯಾಗ ಏನೂ ಇರಲಿಲ್ಲ, ನಾನು ಸುಳ್ಳ ಹೇಳೇನಿ" ಎಂದೆ. ಆ ಅಂಗಡಿಯಲ್ಲಿ ನಾನಾಡಿದ ಅತಿ ಉದ್ದದ ಮಾತು ಅದೇ.

ಶಮಶಾದ್ ಮರಳಿ ಬಂದಳು. ಅವಳ ಮರಿಗಳು ನಾಣ್ಯದಷ್ಟಾದವು, ಕೋಣೆ ಅವಳದಾಯಿತು. ನಾನು ಅವಳ ಕೈಕೆಳಗೆ ಒಂಬತ್ತು ವರ್ಷ ದುಡಿದೆ. ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದರೆ ಅದೂ ಸುಳ್ಳಾದೀತು. ಯಾರಾದರೂ ಅವಳನ್ನು ಹೊಗಳಿದರೆ ಈಗಲೂ ಒಳಗೆ ಚುರ್ ಎನ್ನುತ್ತದೆ. ಆದರೆ ಮೀನು ಕಪ್ಪಾದರೆ ಮನೆಗೆ ಬಂದುಹೋದವರ ಕೈ ನೋಡುವ ಮೊದಲು ನಾನು ಹಾಕಿದ ನೀರು ನೋಡಬೇಕು ಎಂಬುದನ್ನು ಆ ಕೆಲಸ ಕಲಿಸಿತು.

ಆ ಹಂಡೆಗೆ ಮತ್ತೆ ನೀರು ತುಂಬಲಿಲ್ಲ. ಈ ಹಾಳೆಗಳನ್ನು ಅದರಲ್ಲೇ ಇಡುತ್ತೇನೆ. ಕಾಗದಕ್ಕೆ ತಾಮ್ರ ಏನೂ ಮಾಡದು. ನಾನಿಲ್ಲದಾಗ ಹಂಡೆ ಮಾರಬೇಕೆನಿಸಿದರೆ ಮಾರಿರಿ, ಆದರೆ ಹಾಳೆಗಳನ್ನು ತೆಗೆದು ಜೋಪಾನವಾಗಿ ಇಟ್ಟುಕೊಳ್ಳಿ. ಶಮಶಾದ್‌ಳ ಮೊಮ್ಮಕ್ಕಳು ಕೇಳಿದರೆ ಅವರಿಗೂ ಓದಿ ಹೇಳಿ.