ಅಮ್ಮ ಕೈ ಬದಲಿಸುವ ಜಾಗ

ರಾಣೇಬೆನ್ನೂರಿನ ಕಟ್ಟಿಗೆ ಅಡ್ಡೆಯ ಮುಂದೆ ಹಾಯುವಾಗ ಸಾಗವಾನಿಯ ಹೊಟ್ಟಿನ ವಾಸನೆ ಬಂದರೆ, ದಿನವೂ ಮರದ ನಡುವೆಯೇ ದುಡಿಯುವ ನನ್ನ ಕಾಲು ಇವತ್ತಿಗೂ ತಾನಾಗಿ ನಿಲ್ಲುತ್ತದೆ. ಕೊಂಚ ಎಣ್ಣೆಯಂಥ, ಕೊಂಚ ತೊಗಲಿನಂಥ ಆ ವಾಸನೆಯ ಹಿಂದೆಯೇ ಬ್ಯಾಡಗಿಯ ನಮ್ಮ ಪಡಸಾಲೆ ಬರುತ್ತದೆ. ಮೂಲೆಯಲ್ಲಿ ಅಜ್ಜನ ತಿರುಗಣಿ, ಅದರ ಎದುರು ಹಗ್ಗ ಹಿಡಿದು ಕೂತ ಅಮ್ಮ. ನಮ್ಮಲ್ಲಿ ಅಜ್ಜಿಗೆ ಅಮ್ಮ ಅನ್ನುತ್ತಿದ್ದೆವು, ಹೆತ್ತವಳಿಗೆ ಅವ್ವ. ಆ ಮನೆ ಈಗಿಲ್ಲ. ನಿಮಗೂ ಹೀಗೆ ವಾಸನೆಯಲ್ಲಷ್ಟೇ ಉಳಿದ ಮನೆಯೊಂದು ಇದ್ದೀತು.

ಮರದ ತುಂಡಿಗೆ ಹಗ್ಗ ಸುತ್ತಿ ಅಮ್ಮ ಅತ್ತಿತ್ತ ಎಳೆದರೆ ತುಂಡು ಗರಗರ ತಿರುಗುತ್ತಿತ್ತು. ಅದು ತನ್ನ ಕಡೆ ತಿರುಗುವಾಗ ಮಾತ್ರ ಅಜ್ಜ ಉಳಿ ತಾಗಿಸುತ್ತಿದ್ದ, ಹಿಂದಕ್ಕೆ ತಿರುಗುವಾಗ ಎತ್ತುತ್ತಿದ್ದ. ತೊಟ್ಟಿಲ ಕಾಲು, ಲಟ್ಟಣಿಗೆ, ಕಡಗೋಲು ಎಲ್ಲ ಹುಟ್ಟುತ್ತಿದ್ದುದು ಹೀಗೆ. ಮಿಕ್ಕ ಹೊತ್ತಿನಲ್ಲಿ ಇಬ್ಬರೂ ಹಾವು-ಮುಂಗುಸಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೆಳಗಿನಿಂದ ಮಾತು ಬಿಟ್ಟವರು, ಹಗ್ಗ ಹಿಡಿದ ಮೇಲೆ ಒಬ್ಬರ ಉಸಿರು ಒಬ್ಬರಿಗೆ ತಿಳಿಯುವಂತೆ ದುಡಿಯುತ್ತಿದ್ದರು. ಪೇಟೆಯ ಮೆಣಸಿನಕಾಯಿ ಘಾಟಿಗೆ ಅಮ್ಮ ಸೀನುವ ಮೊದಲೇ ಅಜ್ಜನ ಉಳಿ ಮೇಲೆದ್ದಿರುತ್ತಿತ್ತು.

ನನಗೆ ಉಳಿಯ ಹುಚ್ಚು. ಅಜ್ಜ ಬೇಸರಿಸದೆ ಕಲಿಸಿದ. “ಮರದ ಜೋಡಿ ಜಬರದಸ್ತಿ ಮಾಡಬ್ಯಾಡ ಯವ್ವಾ. ದಪ್ಪಂದರ ಬಾಜೂಕ ಸಣ್ಣದು ಇದ್ರನ ದಪ್ಪಂದು ಚೆಂದ ಕಾಣತೈತಿ,” ಅನ್ನುತ್ತಿದ್ದ. ಅವನ ತೊಟ್ಟಿಲ ಕಾಲಿನಲ್ಲಿ ಮೊದಲು ಬದನೆಕಾಯಿಯಂಥ ಉಬ್ಬು, ಮೇಲೆ ಬಳೆಗಳ ಸಾಲು. ಎರಡರ ನಡುವೆ ಒಂದು ತೆಳ್ಳನೆಯ ಗೀರು ಇರುತ್ತಿತ್ತು. ಬೇರೆ ಯಾರ ಕೆಲಸದಲ್ಲೂ ನಾನು ಅದನ್ನು ಕಂಡಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ತಿರುಗಣಿಗೆ ಮೋಟರು ಹಾಕಿಸಿದ. ಅಜ್ಜ ಅದರ ಹತ್ತಿರ ಸುಳಿಯಲಿಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕೂತುಬಿಟ್ಟ. ಅವನನ್ನು ಹಾಗೆ ನೋಡಲು ನನಗೆ ಆಗುತ್ತಿರಲಿಲ್ಲ. ಆಗ ಅವ್ವ ಬಸುರಿ. ಹುಟ್ಟುವ ಕೂಸಿಗೆ ತೊಟ್ಟಿಲು ಬೇಕಲ್ಲ ಎಂದು ಅವಳು ಅಂದಾಗ ಅಜ್ಜ ನನ್ನ ಕಡೆ ತಿರುಗಿ, “ನನ್ನ ಕೈ ನಡುಗತಾವು. ನೀನ ಮಾಡು. ಕಾಲು ಸರಿ ಬಂತಂದ್ರ ನನ್ನ ಉಳಿ ನಿನಗ. ಇಲ್ಲಾಂದ್ರ ಪ್ಯಾಟ್ಯಾಗಿಂದು ತರೂಣು,” ಅಂದ.

ಜೀವ ತೇದು ಮಾಡಿದೆ. ಮೋಟರು ನಿಲ್ಲದೆ ತಿರುಗುತ್ತಿತ್ತು, ಉಬ್ಬು ಬೆಣ್ಣೆಯಂತೆ ನುಣುಪಾಗಿ ಬಂತು. ಆ ಗೀರು ಕಲೆಯ ಹಾಗೆ ಕಂಡೀತೆಂದು ಅದನ್ನು ಬಿಟ್ಟೆ. ಹಿಗ್ಗಿನಿಂದ ತೊಟ್ಟಿಲ ಕಾಲನ್ನು ಅಜ್ಜನ ಕೈಗೆ ಕೊಟ್ಟೆ. ಅವನ ಹೆಬ್ಬೆರಳು ಉಬ್ಬು ದಾಟಿ ನಿಂತಿತು.

“ಗೀರು ಎಲ್ಲಿ ಹೋತು?”

“ಅದ್ಯಾಕ ಬೇಕಜ್ಜಾ?”

ಅಜ್ಜ ಅದನ್ನು ತೊಡೆಯ ಮೇಲಿಟ್ಟುಕೊಂಡ. “ಉಬ್ಬು ತಗಿಯೂದ್ರಾಗ ನಿಮ್ಮಮ್ಮನ ಬಲಗೈ ಸೋಲತಿತ್ತು. ಹಗ್ಗಾ ಎಡಗೈಗೆ ತಗೊಳ್ಳೂಮಟ ಮರ ಸಾವಕಾಶ ತಿರಗತಿತ್ತು. ‘ಲಗೂ ಎಳಿ’ ಅಂತ ಹೆಂಗ ಅನ್ನಲಿ? ಅಲ್ಲೇ ಒಂದು ಗೀರು ಹಾಕ್ಕೋತ ಕುಂದ್ರತಿದ್ದೆ. ಅಕಿಗೆ ಕಡೀತನಕ ಹೇಳಲಿಲ್ಲ ನೋಡು.”

ನನಗೆ ಅಳು ಬಂತು. ಮೋಟರಿನ ಪಟ್ಟಿ ಬಿಚ್ಚಿ ಕಾಲನ್ನು ಮತ್ತೆ ತಿರುಗಣಿಗೆ ಸಿಕ್ಕಿಸಿದೆ. ಅಜ್ಜ ಕಟ್ಟೆಯಿಂದ ಎದ್ದು ಬಂದು, ಗೂಟಕ್ಕೆ ತೂಗುಹಾಕಿದ್ದ ಹಳೆಯ ಹಗ್ಗ ಸುತ್ತಿ ಅಮ್ಮನ ಜಾಗದಲ್ಲಿ ಕೂತ. ನಡುಗುವ ಕೈಯಿಂದ ಅವನು ಎಳೆದ, ನಾನು ಗೀರು ಹಾಕಿದೆ. ಅವತ್ತು ಉಳಿ ನನ್ನದಾಯಿತು.

ಆ ತೊಟ್ಟಿಲಲ್ಲಿ ತಮ್ಮ ಮಲಗಿದ, ಅವನ ಮಕ್ಕಳೂ ಮಲಗಿದರು. ಅಜ್ಜ ಹೋಗಿ ಎಷ್ಟೋ ಕಾಲವಾಯಿತು. ಹಾವೇರಿಯ ನನ್ನ ಅಂಗಡಿಯಲ್ಲಿ ಇವತ್ತಿಗೂ ತೊಟ್ಟಿಲ ಕಾಲಿನ ಉಬ್ಬು ಮುಗಿದ ಕೂಡಲೇ ಮೋಟರು ಆರಿಸಿ, ಮರ ಸಾವಕಾಶವಾಗುವವರೆಗೆ ಕಾಯುತ್ತೇನೆ. ಕರೆಂಟು ಹೋಯಿತೇನೋ ಎಂದು ಗಿರಾಕಿಗಳು ಮೇಲೆ ನೋಡುತ್ತಾರೆ. ಇಲ್ಲ, ಅಮ್ಮ ಕೈ ಬದಲಿಸುತ್ತಿದ್ದಾಳೆ.