ಕಿವಿ ಮುಟ್ಟದ ಕೈ

ಪ್ರತಿ ವರ್ಷ ಜೂನ್ ಒಂದರ ಬೆಳಿಗ್ಗೆ ನನ್ನ ಫೋನು ಮೈಮೇಲೆ ದೇವರು ಬಂದವರಂತೆ ನಡುಗತೊಡಗುತ್ತದೆ. ದೇವಾಪುರದ ಆಚೆಗಿನ ನಮ್ಮ ಹಳ್ಳಿಯವರೆಲ್ಲ ಸೇರಿ ಮಾಡಿಕೊಂಡಿರುವ ವಾಟ್ಸಾಪ್ ಗುಂಪಿನಲ್ಲಿ ಅಂದು ಹೂವು, ದೀಪ, ಕೇಕುಗಳ ಚಿತ್ರಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಯಾರು ಯಾರಿಗೆ ಶುಭಾಶಯ ಹೇಳುತ್ತಿದ್ದಾರೆ ಎಂಬುದು ಮಾತ್ರ ತಿಳಿಯುವುದಿಲ್ಲ. ಏಕೆಂದರೆ ಶಾಲೆಯ ಮೆಟ್ಟಿಲು ಹತ್ತಿದ ನಮ್ಮೂರಿನ ಹಿರಿಯರೆಲ್ಲ ಹುಟ್ಟಿದ್ದು ಅದೇ ದಿನ. ಹರಸುವವರೂ ಅವರೇ, ಹರಕೆ ಪಡೆಯುವವರೂ ಅವರೇ. ಕಳೆದ ಸಲ ಇದನ್ನು ನೋಡಿದ ಮೊಮ್ಮಗಳು ಸೃಷ್ಟಿ, "ಆಯಿ, ನಿಮ್ಮೂರಾಗ ದವಾಖಾನಿ ವರ್ಷಕ್ಕ ಒಂದೇ ದಿನ ತೆಗೀತಿತ್ತೇನು?" ಎಂದು ಕೇಳಿದಳು. ನಾನು ನಕ್ಕು ಸುಮ್ಮನಾದೆ. ಸುಮ್ಮನಾಗುವುದರಲ್ಲಿ ನನಗೆ ಎಪ್ಪತ್ತು ವರ್ಷಗಳ ಅನುಭವವಿದೆ. ಆ ಪ್ರಶ್ನೆಗೆ ಸರಿಯಾಗಿ ಉತ್ತರಿಸಬೇಕಾದರೆ ನೀಲಮ್ಮನ ಹೆಸರು ಎತ್ತಬೇಕಾಗುತ್ತದೆ. ಅವಳಿಗೆ ಸಿಗಬೇಕಾಗಿದ್ದ ಕೆಲಸ ನನಗೆ ಹೇಗೆ ಸಿಕ್ಕಿತೆಂದು ಹೇಳಬೇಕಾಗುತ್ತದೆ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಸೃಷ್ಟಿ, ಅಮೋಘ, ನಿಮ್ಮಿಬ್ಬರಿಗೂ ಬರೆದೇ ತಿಳಿಸುತ್ತಿದ್ದೇನೆ.

ಜೂನ್ ಒಂದು ಶಾಲೆ ತೆರೆಯುವ ದಿನ. ನಮ್ಮ ಕಾಲದ ಹೆಡ್‌ಮಾಸ್ತರರು ಎದುರಿಗೆ ನಿಂತ ಮಗುವಿನ ಹುಟ್ಟಿದ ದಿನವನ್ನು ಅದರ ತಂದೆಗೆ ಕೇಳುತ್ತಿದ್ದರು. ತಂದೆ ಆಕಾಶ ನೋಡುತ್ತಿದ್ದ. ಮಾಸ್ತರರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಕ್ಯಾಲೆಂಡರಿನಲ್ಲಿ ಅಂದಿನ ತಾರೀಖು ಕಣ್ಣಿಗೆ ಬೀಳುತ್ತಿತ್ತು. ಅಷ್ಟರಲ್ಲಿ ಮಗು ಹುಟ್ಟಿಬಿಡುತ್ತಿತ್ತು. ಹೀಗೆ ಹುಟ್ಟಿದವರು ಮುಂದೆ ಸರ್ಕಾರಿ ನೌಕರಿ ಸೇರಿದರು. ಅವರೆಲ್ಲ ನಿವೃತ್ತರಾಗುವುದೂ ಒಟ್ಟಿಗೇ. ಮೇ ತಿಂಗಳ ಕೊನೆಯ ದಿನ ಯಾದಗಿರಿಯ ಕಚೇರಿಗಳಲ್ಲಿ ಹಾರ, ಶಾಲುಗಳ ಅಭಾವ ಉಂಟಾಗುತ್ತದೆ ಎಂದು ಕೇಳಿದ್ದೇನೆ. ಈಗಿನ ದಿನಮಾನ ಹಾಗಿಲ್ಲ. ನಿಮ್ಮಪ್ಪ ಶಹಾಪುರದ ಹತ್ತಿರದ ಪ್ರಾಥಮಿಕ ಶಾಲೆಯ ಮುಖ್ಯಗುರು; ಆದರೂ ಅಮೋಘ ಜೂನ್ ಮೂರರಂದು ಹುಟ್ಟಿದ್ದಕ್ಕಾಗಿ, ಜೂನ್ ಒಂದಕ್ಕೆ ಆರು ತುಂಬಲು ಎರಡು ದಿನ ಕಡಿಮೆ ಬಿದ್ದವೆಂದು, ಹೆತ್ತ ತಂದೆಯ ಕೈಯಲ್ಲೇ ಒಂದು ವರ್ಷ ಹಿಂದೆ ಉಳಿದ. ಕಂಪ್ಯೂಟರು ಒಪ್ಪಲಿಲ್ಲವಂತೆ. ಒಂದು ಕಾಲದಲ್ಲಿ ಮೂರು ವರ್ಷಗಳನ್ನು ಹೂವು ಎತ್ತಿದಷ್ಟು ಹಗುರವಾಗಿ ಎತ್ತಿಟ್ಟ ಶಾಲೆ, ಈಗ ಎರಡು ದಿನಗಳನ್ನು ಎತ್ತಲಾರದೆ ಏದುಸಿರು ಬಿಡುತ್ತದೆ. ಇದನ್ನು ಪ್ರಗತಿ ಎನ್ನುತ್ತಾರೆ, ಇರಬಹುದು.

ನನ್ನ ಅವ್ವನ ಪ್ರಕಾರ ನಾನು ಹುಟ್ಟಿದ್ದು ಬಿಳಿಜೋಳ ಹಾಲುಗಾಳಾದಾಗ, ಕೆಂದ ಹೋರಿ ಬಾವಿಗೆ ಬಿದ್ದ ವರ್ಷ. ಅದಾದ ಮೇಲೆ ಮೂರನೆಯ ಮಳೆಗಾಲದ ಹೊತ್ತಿಗೆ ಎದುರು ಮನೆಯ ಕುರಿಗಾರರ ಮನೆಯಲ್ಲಿ ನೀಲಮ್ಮ ಹುಟ್ಟಿದಳು. ಅವಳ ತಾಯಿ ಕುರಿ ಮರಿಗಳ ಹಿಂದೆ ಓಡಾಡುವಾಗ ಕೂಸನ್ನು ನನ್ನ ಟೊಂಕಕ್ಕೆ ಏರಿಸಿ ಹೋಗುತ್ತಿದ್ದಳು. ನನಗೇ ಐದು ವರ್ಷ. ಕೂಸೋ ಉದ್ದನೆಯ ಕೈಕಾಲಿನದು, ಅದರ ಪಾದ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಹೊತ್ತದ್ದು ನಾನೋ ಅವಳೋ ಎಂದು ನೋಡಿದವರು ನಗುತ್ತಿದ್ದರು.

ನಮ್ಮಿಬ್ಬರನ್ನೂ ಶಾಲೆಗೆ ಸೇರಿಸಿದ್ದು ಒಂದೇ ದಿನ. ಆ ವರ್ಷ ಹುಡುಗಿಯರ ಸಂಖ್ಯೆ ಸಾಲದೆಂದು ಮೇಲಿನವರು ಬೈದಿದ್ದರಂತೆ. ಹೆಡ್‌ಮಾಸ್ತರರು ಓಣಿ ಓಣಿ ತಿರುಗಿ, ಎಂಟರ ನನ್ನನ್ನೂ, ಐದೂವರೆಯ ನೀಲಮ್ಮನನ್ನೂ ಒಟ್ಟಿಗೆ ಹಿಡಿದು ತಂದರು. ವಯಸ್ಸು ಅಳೆಯಲು ಅವರ ಬಳಿ ಒಂದೇ ಅಳತೆಗೋಲಿತ್ತು: ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದವರಿಗೆ ವಯಸ್ಸಾಗಿದೆ, ಮುಟ್ಟದವರಿಗೆ ಆಗಿಲ್ಲ. ನೀಲಮ್ಮ ಕರೆಯುವ ಮುಂಚೆಯೇ ಮುಂದೆ ಹೋಗಿ, ಕೈ ಬೀಸಿ, ಎಡಗಿವಿಯನ್ನು ಹಿಡಿದು ತಿರುವಿ, ಸಾಲದ್ದಕ್ಕೆ ಕೆನ್ನೆಯನ್ನೂ ಚಿವುಟಿ ತೋರಿಸಿದಳು. ಮಾಸ್ತರರು ಮೆಚ್ಚಿ ಏಳು ವರ್ಷ ಎಂದು ಬರೆದರು. ನಂತರ ನನ್ನ ಸರದಿ. ನನ್ನ ಪೋಲಕ ಬಗಲಲ್ಲಿ ಹರಿದಿತ್ತು. ಕೈ ಎತ್ತಿದರೆ ಎಲ್ಲರಿಗೂ ಕಾಣುತ್ತದೆಂದು ನಾನು ತೋಳನ್ನು ಪಕ್ಕೆಗೆ ಅವುಚಿಕೊಂಡೇ ಮೊಣಕೈಯಷ್ಟನ್ನು ಮೇಲೆತ್ತಿದೆ; ಬೆರಳು ನೆತ್ತಿಯವರೆಗೆ ಬಂದು, ದಾರಿ ತಪ್ಪಿದ ಪಯಣಿಗನಂತೆ ಅಲ್ಲೇ ನಿಂತಿತು.

"ಮುಟ್ಟವ್ವ, ಇನ್ನೊಂದೀಟು," ಎಂದರು ಮಾಸ್ತರರು.

ನಾನು ನೆಲ ನೋಡಿದೆ.

"ಸಣ್ಣದದ ಕೂಸು. ಇರಲಿ, ಐದು ತುಂಬ್ಯಾವ ಅಂತ ಬರೀತೀನಿ," ಎಂದು ಬರೆದೇ ಬಿಟ್ಟರು.

ಹೀಗೆ ನನ್ನ ಹರಿದ ಪೋಲಕದಿಂದಾಗಿ ನಾನು ಮೂರು ವರ್ಷ ಚಿಕ್ಕವಳಾದೆ. ನಾನು ಹೊತ್ತು ತಿರುಗಿದ ಹುಡುಗಿ ನನಗಿಂತ ಎರಡು ವರ್ಷ ದೊಡ್ಡವಳಾದಳು. ಆದರೂ ಅವಳು ನನ್ನನ್ನು ಅಕ್ಕ ಎಂದೇ ಕರೆದಳು; ದಾಖಲೆಯ ಗೌರವವನ್ನು ಕಾಪಾಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಏಳನೆಯ ತರಗತಿಯವರೆಗೆ ಒಂದೇ ಚಾಪೆಯ ಮೇಲೆ ಕೂತೆವು. ಲೆಕ್ಕ, ವ್ಯಾಕರಣ, ಅಕ್ಷರದ ಅಂದ ಎಲ್ಲದರಲ್ಲೂ ಅವಳು ಮುಂದು. ಬಾಯಿ ಬಿಡದಿರುವುದರಲ್ಲಿ ಮಾತ್ರ ನಾನು. ಊರಿನ ಹೆಂಗಸರು ನನ್ನನ್ನು ನೋಡಿ "ಹುಡುಗಿ ಬೆಳದಾಳ" ಎಂದಾಗಲೆಲ್ಲ, ಓದು ಬಾರದ ನನ್ನಪ್ಪ, "ಸಾಲ್ಯಾಗ ಇನ್ನಾ ಸಣ್ಣಾಕಿ ಅಂತ ಬರದಾರ, ನೀವೇನ್ ಮಾಸ್ತರಿಗಿಂತ ಶಾಣ್ಯಾರೇನು?" ಎಂದು ಬಾಯಿ ಮುಚ್ಚಿಸುತ್ತಿದ್ದ. ಕಣ್ಣೆದುರಿನ ಮಗಳಿಗಿಂತ ಕಾಣದ ರಿಜಿಸ್ಟರನ್ನು ನಂಬಿದ ಆ ಭಕ್ತಿಯಿಂದಲೇ ನನ್ನ ಏಳನೆಯದು ಮುಗಿಯಿತು. ಮುಂದಿನ ಶಾಲೆ ಸುರಪುರದಲ್ಲಿತ್ತು. ನಮ್ಮೂರಿನ ಹುಡುಗಿಯರಿಗೆ ಸುರಪುರದ ಹಾದಿ ತೆರೆಯುತ್ತಿದ್ದುದು ಮದುವೆಯ ಜವಳಿ ತರುವಾಗ ಮಾತ್ರ. ನಮಗಿಬ್ಬರಿಗೂ ಆ ಹಾದಿ ಬೇಗನೆ ತೆರೆಯಿತು. ಇಬ್ಬರದೂ ಊರೊಳಗಿನ ಸಂಬಂಧವೇ.

ಅದಾಗಿ ಎಷ್ಟೋ ವರ್ಷಗಳ ಮೇಲೆ ಊರಿಗೆ ಅಂಗನವಾಡಿ ಬಂತು. ಅದಕ್ಕೊಬ್ಬ ಕಾರ್ಯಕರ್ತೆ ಬೇಕು. ಅದೇ ಊರಿನವಳಾಗಿರಬೇಕು, ಏಳನೆಯದು ಪಾಸಾಗಿರಬೇಕು, ಮೂವತ್ತೈದು ದಾಟಿರಬಾರದು. ಇಡೀ ಊರಿನಲ್ಲಿ ಏಳು ಪಾಸಾಗಿದ್ದ ಸೊಸೆಯಂದಿರು ಇಬ್ಬರೇ. ನನ್ನ ಗಂಡ, ನಿಮ್ಮ ಮುತ್ಯಾ, ಆಗ ಬಾವಿ ತೋಡುವಾಗ ಬೆನ್ನು ಮುರಿದುಕೊಂಡು ಮಂಚ ಹಿಡಿದಿದ್ದರು. ನಿಮ್ಮಪ್ಪ ಶಹಾಪುರದ ಹಾಸ್ಟೆಲಿನಲ್ಲಿದ್ದ. ಅವನನ್ನು ಮರಳಿ ಕರೆತಂದು ಹೊಲಕ್ಕೆ ಹಚ್ಚುವ ಮಾತು ಮನೆಯಲ್ಲಿ ನಡೆದಿತ್ತು. ನೀಲಮ್ಮನ ಗಂಡ ಕುರಿ ಹಿಂಡಿನೊಂದಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವನೊಬ್ಬನಿಂದ ಹಿಂಡು ಸಾಗದೆ ಅವಳೂ ಹೋಗಬೇಕಾದ ಕಾಲ ಬಂದಿತ್ತು. ಊರಲ್ಲೇ ಕೆಲಸ ಸಿಕ್ಕರೆ ತಾನು ಉಳಿಯಬಹುದು, ತನ್ನ ಮಗಳು ರೇಣುಕಾ ಶಾಲೆಯಲ್ಲಿ ಉಳಿಯಬಹುದು. ರೇಣುಕಾ ನಿಮ್ಮಪ್ಪನ ವಾರಿಗೆಯವಳು. ಅವನಿಗೆ ಬಾರದ ಭಾಗಾಕಾರವನ್ನು ಅವಳೇ ಕಲಿಸಿದ್ದಳು. ಈ ಸಂಗತಿಯನ್ನು ಮುಖ್ಯಗುರುಗಳು ನಿಮಗೆ ಹೇಳಿರಲಾರರು.

ಇಬ್ಬರೂ ಒಂದೇ ಬಸ್ಸಿನಲ್ಲಿ ಸುರಪುರಕ್ಕೆ ಹೋದೆವು. ಕಚೇರಿಯಲ್ಲಿ ಸಾಹೇಬರು ಇಬ್ಬರ ಶಾಲೆ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು, ನೀಲಮ್ಮನ ಕಾಗದವನ್ನು ಬದಿಗೆ ಸರಿಸಿದರು.

"ನಿನಗ ಮೂವತ್ತಾರಾಗ್ಯಾವಮ್ಮ. ಈಕಿಗಿ ಮೂವತ್ನಾಕು. ಮುಗೀತು."

"ಸಾಹೇಬ್ರ, ಅದು ಸುಳ್ಳದ್ರಿ," ಎಂದಳು ನೀಲಮ್ಮ. "ಶಾಂತಕ್ಕ ನನಗಿಂತ ದೊಡ್ಡಾಕಿ. ನಾ ಸಣ್ಣಾಕಿದ್ದಾಗ ಟೊಂಕದ ಮ್ಯಾಲ ಹೊತ್ಕೊಂಡು ತಿರಗ್ಯಾಳ್ರಿ."

"ಟೊಂಕದ ಸರ್ಟಿಫಿಕೇಟ್ ತಂದೀಯೇನು?" ಎಂದರು ಸಾಹೇಬರು. ಗುಮಾಸ್ತರಿಬ್ಬರು ನಕ್ಕರು.

"ಊರ ಮಂದೀನ ಕೇಳ್ರಿ ಬೇಕಾದ್ರ."

"ಇದರಾಗ ಊರ ಮಂದಿ ಸಹಿ ಇಲ್ಲ, ಹೆಡ್‌ಮಾಸ್ತರ ಸಹಿ ಅದ. ಇದರ ಪ್ರಕಾರ ಆಕೀನೇ ನಿನಗ ಅಕ್ಕ ಅನಬೇಕು." ಮತ್ತೆ ನನ್ನ ಕಡೆ ತಿರುಗಿದರು. "ನೀ ಹೇಳವ್ವ. ಈಕಿ ಹೇಳೋದು ಖರೇ ಏನು?"

ನಾನು ಕೆಳಗಿನ ಪರಸಿ ಕಲ್ಲು ನೋಡಿದೆ. ನೋಡುತ್ತಲೇ ನಿಂತೆ. ಹೂಂ ಎಂದಿದ್ದರೆ ಇಬ್ಬರ ಕಾಗದವೂ ಪರಿಶೀಲನೆಗೆ ಹೋಗುತ್ತಿತ್ತು. ನನ್ನದು ಬಿದ್ದು ಅವಳದು ಏಳುತ್ತಿತ್ತು.

"ನೋಡ್ರಿ, ಎಷ್ಟು ಸಂಭಾವಿತ ಹೆಣ್ಣಮಗಳು," ಎಂದರು ಸಾಹೇಬರು ಗುಮಾಸ್ತರಿಗೆ. "ಒಂದು ಎದುರು ಮಾತಿಲ್ಲ. ಕೂಸುಗಳಿಗಿ ಇಂಥಾಕೀನೇ ಬೇಕು."

ಮಕ್ಕಳೇ, ನಾನು ನಾಚಿಕೆಯ ಸ್ವಭಾವದವಳೆಂದು ನೀವೆಲ್ಲ ನಗುತ್ತೀರಿ. ನಿಜ. ಅಂಗಡಿಯಲ್ಲಿ ಕೊಳೆತ ಬದನೆಕಾಯಿ ಕೊಟ್ಟರೂ ಮರಳಿಸದೆ ಬರುವವಳು ನಾನು. ಬಸ್ಸಿನಲ್ಲಿ ನಿಲ್ಲಿಸಿ ಎನ್ನಲಾರದೆ ಎಷ್ಟೋ ಸಲ ಮುಂದಿನ ಊರಿನಲ್ಲಿ ಇಳಿದು ಹಿಂದಕ್ಕೆ ನಡೆದಿದ್ದೇನೆ. ಆದರೆ ಅಂದು ಸುರಪುರದ ಕಚೇರಿಯಲ್ಲಿ ನನಗೆ ನಾಚಿಕೆಯಾಗಿರಲಿಲ್ಲ. ನನ್ನ ಬುದ್ಧಿ ಅಷ್ಟು ಚುರುಕಾಗಿ ಕೆಲಸ ಮಾಡಿದ್ದು ನನಗೆ ಬೇರೆ ನೆನಪಿಲ್ಲ. ಎಲ್ಲರೂ ನಾಚಿಕೆಯೆಂದು ತಿಳಿಯುತ್ತಾರೆಂಬುದು ಗೊತ್ತಿದ್ದೇ ನಾನು ತಲೆ ತಗ್ಗಿಸಿದ್ದೆ.

ಮರಳಿ ಬರುವ ಬಸ್ಸಿನಲ್ಲಿ ನೀಲಮ್ಮ ಕಿಟಕಿಯ ಕಡೆ ಸರಿದು ನನಗೆ ಜಾಗ ಮಾಡಿಕೊಟ್ಟಳು. ಬಸ್ಸು ಹೊರಟ ಮೇಲೆ ಒಂದೇ ಮಾತು ಕೇಳಿದಳು: "ಹೂಂ ಅಂದಿದ್ರ ನಾಲಿಗಿ ಸವೀತಿತ್ತೇನಕ್ಕ?"

ಅಂಗನವಾಡಿಯಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದೆ. ನಿಮ್ಮ ಮುತ್ಯಾ ಆಮೇಲೆ ಬಹಳ ದಿನ ಉಳಿಯಲಿಲ್ಲ. ನಿಮ್ಮಪ್ಪ ಹಾಸ್ಟೆಲು ಬಿಡಲಿಲ್ಲ. ನನಗೆ ಟೀಚರಮ್ಮ ಎಂಬ ಹೆಸರು ಬಂತು. ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಓದಿಸಿರಿ ಎಂದು ಹೇಳುವುದೂ ನನ್ನ ಕೆಲಸವಾಗಿತ್ತು, ಮತ್ತು ಅದನ್ನು, ನಂಬುತ್ತೀರೋ ಇಲ್ಲವೋ, ನಾನು ಚೆನ್ನಾಗಿಯೇ ಹೇಳುತ್ತಿದ್ದೆ. ನೀಲಮ್ಮನ ಬಾಗಿಲ ಮುಂದೆ ಮಾತ್ರ ನನ್ನ ಹೆಜ್ಜೆ ತಾನಾಗಿ ಬೇಗ ಬೀಳುತ್ತಿತ್ತು. ಅವಳು ಹಿಂಡಿನ ಹಿಂದೆ ಹೊರಟಳು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ರೇಣುಕಾ ಐದನೆಯದಕ್ಕೇ ಶಾಲೆ ಬಿಟ್ಟಳು. ಒಮ್ಮೆ ಧೈರ್ಯ ಮಾಡಿ, ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸು ಎಂದೆ. "ಹಂಗಾದ್ರ ನೀ ಬಾ, ಕುರಿ ಕಾಯಿ," ಎಂದಳು ನೀಲಮ್ಮ. "ನಾ ಇವತ್ತೇ ಕಳಸ್ತೀನಿ."

ದಾಖಲೆಯ ಆ ಹಿರಿತನದಿಂದ ಅವಳಿಗೆ ಸಿಕ್ಕ ಲಾಭ ಒಂದೇ: ವೃದ್ಧಾಪ್ಯ ವೇತನಕ್ಕೆ ನನಗಿಂತ ಎರಡು ವರ್ಷ ಮೊದಲೇ ಅರ್ಹಳಾದಳು. "ಸರ್ಕಾರ ನನ್ನ ಮೊದಲ ಮುದುಕಿ ಮಾಡ್ಯಾದ ನೋಡು," ಎಂದು ಅಂಚೆಯವನೆದುರು ನಕ್ಕಳಂತೆ.

ಇಷ್ಟು ಬರೆದು ಕೆಲವು ದಿನ ಇಟ್ಟುಕೊಂಡಿದ್ದೆ. ನಿಮಗೆ ಕೊಡುವ ಮೊದಲು ಇದನ್ನು ಓದಬೇಕಾದವಳು ಬೇರೊಬ್ಬಳಿದ್ದಾಳೆ ಅನ್ನಿಸಿ, ಮೊನ್ನೆ ನಿಮ್ಮಪ್ಪನಿಗೆ ಹೊಲ ನೋಡಿ ಬರುತ್ತೇನೆಂದು ಹೇಳಿ ಊರಿಗೆ ಹೋದೆ. ನೀಲಮ್ಮ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. ಹಾಳೆಗಳನ್ನು ಕೈಗಿತ್ತೆ. ಚಷ್ಮಾ ಏರಿಸಿ, ತುಟಿ ಆಡಿಸುತ್ತ ನಿಧಾನವಾಗಿ ಓದಿದಳು. ಪೋಲಕದ ಸಂಗತಿ ಬಂದಾಗ ತಲೆ ಎತ್ತಿದಳು.

"ಬಗಲಾಗ ಹರದಿತ್ತಾ? ನಿನ್ನ ಕೈ ಗಿಡ್ಡ ಅಂತ ತಿಳದಿದ್ದೆ ಇಷ್ಟ್ ದಿನ."

ಸುರಪುರದ ಭಾಗವನ್ನು ಎರಡು ಸಲ ಓದಿದಳು. ಕೊನೆಯ ಹಾಳೆ ಮುಗಿಸಿ ಮತ್ತೆ ಉಣ್ಣೆಗೆ ಕೈ ಹಾಕಿದಳು.

"ರೇಣುಕಾನ ಸುದ್ದಿ ಕಮ್ಮಿ ಬರದಿ."

"ಇನ್ನೇನು ಬರೀಲಿ, ಹೇಳು."

"ಏನದ ಬರ್ಯಾಕ. ಐದನೇತ್ತಕ್ಕ ಮುಗೀತಲ್ಲ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕ್ಷಮಿಸು ಎಂದು ಬರೆಯುವಷ್ಟು ಸುಲಭವಾಗಿ ಹೇಳಲು ನನಗೂ ಬರಲಿಲ್ಲ. ಹಾಳೆಗಳನ್ನು ಮಡಿಸಿ ಕೊಡುತ್ತಾಳೆಂದು ಕೈ ಚಾಚಿದೆ.

"ತಡಿ. ಪೆನ್ನ ಕೊಡು," ಎಂದಳು. "ಒಂದು ಕಾಗದದಾಗರ ನನ್ನ ವಯಸ್ಸು ಖರೇ ಇರಲಿ."

ಅವಳು ಬರೆದುಕೊಟ್ಟ ಹಾಳೆಯನ್ನು ಕೊನೆಗೆ ಇಟ್ಟಿದ್ದೇನೆ; ಆ ಅಕ್ಷರ ನನ್ನದಲ್ಲ, ಮಕ್ಕಳೇ. ಎಷ್ಟು ದುಂಡಗಿದೆ ನೋಡಿ.

*ನಾನು ನೀಲಮ್ಮ. ಶಾಂತಕ್ಕ ನನಗಿಂತ ಎರಡೂವರಿ ವರ್ಷ ದೊಡ್ಡಾಕಿ. ಆ ದಿನ ನನಗ ಮೂವತ್ತೈದು ತುಂಬಿರಲಿಲ್ಲ.*